ಪಕ್ಕದ ಮನೆಯ ಪಸ್ಕ ಹಬ್ಬಕ್ಕೆ ಕೈಜೋಡಿಸುವ ಮೊದಲು ಅಜ್ಜಿಯ ಊರು ಕೇಳಿ

ನಮ್ಮ ಮೇಲಿನ ಮನೆಗೆ ಯಹೂದಿ ಸಂಸಾರವೊಂದು ಬಾಡಿಗೆಗೆ ಬಂದಿತ್ತು. ಯುಗಾದಿ ಆಗಿ ಎರಡು ವಾರಕ್ಕೆ ಅವರ ಪಸ್ಕ ಹಬ್ಬ ಬಂತು, ಅವರು ಪೆಸಾಹ್ ಅನ್ನುತ್ತಾರೆ. ಪೂರ್ವಜರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ ಅದು. ನಾನು ಪ್ರೀತಿಯಿಂದ ಒಂದು ಡಬ್ಬಿ ಚಿತ್ರಾನ್ನ ಕೊಟ್ಟೆ. ಅದನ್ನು ತಿನ್ನುವ ಹಾಗಿಲ್ಲ ಎಂದು ಹೇಳಲು ಆಕೆ ಪಟ್ಟ ಸಂಕಟ ನನಗಿನ್ನೂ ನೆನಪಿದೆ. ನಿಮಗೆ ಹಾಗಾಗಬಾರದು.

ಮೊದಲು "ನಿಮ್ಮ ಅಜ್ಜಿ ಯಾವ ಊರಿನವರು?" ಎಂದು ಕೇಳಿ. ಊರೂರು ದಾಟಿ ಬಂದ ಜನ ಅವರು, ದಾಟಿದ ಊರೆಲ್ಲ ಅವರ ಅಡುಗೆಮನೆಯಲ್ಲಿದೆ. ಪೂರ್ವ ಯುರೋಪಿನ ಮೂಲದವರಲ್ಲಿ ಅನೇಕರು ಈ ಹಬ್ಬದಲ್ಲಿ ಅಕ್ಕಿ, ಬೇಳೆ, ಕಡಲೆಕಾಯಿ ಮುಟ್ಟುವುದಿಲ್ಲ. ನಮ್ಮ ಕೊಂಕಣ ತೀರದ ಯಹೂದಿಗಳಾದ ಬೆನೆ ಇಸ್ರೇಲ್ ಜನ ಅನ್ನ ಉಣ್ಣುತ್ತಾರೆ. ಗಂಡನ ಕಡೆ ಒಂದು ಪದ್ಧತಿ, ಹೆಂಡತಿ ಕಡೆ ಇನ್ನೊಂದು ಆದರೆ ಆ ಮನೆಯಲ್ಲಿ ಏನು ನಡೆಯುತ್ತದೋ ಅದೇ ಸರಿ, ನೀವು ವಾದಕ್ಕೆ ಹೋಗಬೇಡಿ.

ಹುಳಿ ಬಂದ ಹಿಟ್ಟು ಮಾತ್ರ ಎಲ್ಲರಿಗೂ ವರ್ಜ್ಯ. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಈ ಐದು ಧಾನ್ಯಗಳ ಬ್ರೆಡ್ಡು, ಬಿಸ್ಕತ್ತು, ಶಾವಿಗೆ, ರವೆ ಯಾವುದೂ ಬೇಡ. ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿದ ಮಾತ್ಸಾ ರೊಟ್ಟಿಯೊಂದೇ ನಡೆಯುತ್ತದೆ. ನಾವು ಮರೆಯುವುದು ಇಂಗನ್ನು! ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಸೇರಿರುತ್ತದೆ, ಹಾಗಾಗಿ ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ಪಕ್ಕಕ್ಕಿಡಿ. ಹಬ್ಬದ ಪಾತ್ರೆಗಳೂ ಬೇರೆ ಇರುತ್ತವೆ. ಅಡುಗೆ ಮಾಡಿ ಕೊಡುವ ಬದಲು ಹೆಚ್ಚದ ಇಡೀ ಹಣ್ಣು, ಸಿಪ್ಪೆ ಸಮೇತ ತೆಂಗಿನಕಾಯಿ ಕೊಡಿ.

ಸಾಮಾನು ತರುವುದರಲ್ಲಿ ನಿಮ್ಮ ಸಹಾಯ ನಿಜಕ್ಕೂ ಬೇಕಾಗುತ್ತದೆ. ಹಬ್ಬದ ತಟ್ಟೆಯಲ್ಲಿ ಕಹಿಯೂ ಇರುತ್ತದೆ, ಸಿಹಿಯೂ ಇರುತ್ತದೆ, ನಮ್ಮ ಬೇವು ಬೆಲ್ಲದ ಹಾಗೇ ಅಲ್ವಾ? ಈಜಿಪ್ಟಿನ ಗುಲಾಮಗಿರಿಯ ನೆನಪಿಗೆ ಕಹಿ ಸೊಪ್ಪು. ಯುರೋಪಿನ ಚಳಿ ನಾಡುಗಳಲ್ಲಿ ಆ ಹೊತ್ತಿಗೆ ಸೊಪ್ಪು ಸಿಗದೆ ಖಾರದ ಒಂದು ಗಡ್ಡೆ, ಹಾರ್ಸ್‌ರ‍್ಯಾಡಿಶ್, ಅದರ ಜಾಗಕ್ಕೆ ಬಂತು. ಬೆಂಗಳೂರಿನಲ್ಲಿ ಲೆಟ್ಯೂಸ್ ಸುಲಭ, ಅದು ಹಳೆಯ ಪದ್ಧತಿಯೂ ಹೌದು. ತಟ್ಟೆಯ ಸಿಹಿಗೆ ಹರೋಸೆತ್ ಅನ್ನುತ್ತಾರೆ, ಅದಂತೂ ಊರಿಗೊಂದು ಥರ. ಯುರೋಪಿನವರು ಸೇಬು, ಅಕ್ರೋಟು ಕೊಚ್ಚುತ್ತಾರೆ. ಇರಾಕಿನವರು ಖರ್ಜೂರ ಬೇಯಿಸಿ, ಹಿಂಡಿ, ಆ ರಸವನ್ನು ನಮ್ಮ ಜೋನಿಬೆಲ್ಲದ ಹದಕ್ಕೆ ಕುದಿಸುತ್ತಾರೆ. ಯಾವುದಕ್ಕಾದರೂ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋಗಿ. ಹಬ್ಬದ ಊಟಕ್ಕೆ ಕೋಷರ್ ವೈನ್, ಅಂದರೆ ಅವರ ಧರ್ಮದ ನಿಯಮದಂತೆ ಮಾಡಿದ ವೈನ್, ಸಿಗದಿದ್ದರೆ ಬೆನೆ ಇಸ್ರೇಲ್ ಅಜ್ಜಿಯರ ದಾರಿ ಇದೆ: ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಕಿವುಚಿ ಸೋಸಿದ ಶರಬತ್ತು. ನನಗೆ ತುಂಬಾ ಇಷ್ಟವಾದದ್ದು ಅದೇ.

ಹಬ್ಬ ಇಸ್ರೇಲಿನಲ್ಲಿ 7 ದಿನ, ಹೊರದೇಶದಲ್ಲಿ ಸಾಮಾನ್ಯವಾಗಿ 8. ಹಬ್ಬದ ವಿಶೇಷ ಊಟ ಅಲ್ಲಿ ಮೊದಲ ರಾತ್ರಿ ಮಾತ್ರ, ಇಲ್ಲಿ ಮೊದಲ ಎರಡು ರಾತ್ರಿ. ಅಲ್ಲಿಂದ ಹೊಸದಾಗಿ ಬಂದವರು ಯಾವ ಲೆಕ್ಕ ಹಿಡಿಯುತ್ತಾರೋ ಮೊದಲೇ ಕೇಳಿಕೊಳ್ಳಿ.

ಕರೆದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಮನೆಯ ಕಿರಿಯ ಮಗುವೇ ಎದ್ದು ಈ ರಾತ್ರಿ ಯಾಕೆ ಬೇರೆ ಎಂದು ಹಾಡಿ ಕೇಳುತ್ತದೆ, ದೊಡ್ಡವರು ಕಥೆ ಹೇಳುತ್ತಾರೆ. ಕಥೆ ಉದ್ದ, ಊಟ ತಡ. ಹೊರಡುವ ಮೊದಲು ನಿಮ್ಮ ಪುಟ್ಟವರಿಗೆ ಮನೆಯಲ್ಲೇ ಒಂದಿಷ್ಟು ಮೊಸರನ್ನ ತಿನ್ನಿಸಿ.