ಮನೆಯಲ್ಲಿ ಹಾಲು ಪೋಲಾಗದಂತೆ ನೋಡಿಕೊಳ್ಳುವ ಕ್ರಮ

ಉಕ್ಕಿ ಒಲೆಯ ಮೇಲೆ ಹರಿದದ್ದು, ಪಾತ್ರೆಯ ತಳಕ್ಕೆ ಹತ್ತಿದ್ದು, ಫ್ರಿಜ್ಜಿನ ಮೂಲೆಯಲ್ಲಿ ಮರೆತು ಹುಳಿಯಾದದ್ದು, ಇವನ್ನೆಲ್ಲ ಕೂಡಿಸಿದರೆ ಒಂದು ಮನೆಯಲ್ಲಿ ದಿನಕ್ಕೆ 50 ಮಿಲಿಲೀಟರ್ ಹಾಲು ಯಾರ ಗಮನಕ್ಕೂ ಬಾರದೆ ಹೋಗಬಲ್ಲದು. ವರ್ಷಕ್ಕೆ ಅದು 18 ಲೀಟರಿಗೂ ತುಸು ಹೆಚ್ಚು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನ ಪ್ರಕಾರ, ಒಂದು ಕಿಲೋ ಹಾಲು ಉತ್ಪಾದನೆಯಾಗುವಾಗ ಜಾಗತಿಕ ಸರಾಸರಿಯಲ್ಲಿ ಸುಮಾರು 2.5 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲ ಹೊರಬೀಳುತ್ತದೆ; ಹಸುವೊಂದರ ಇಳುವರಿ ಕಡಿಮೆಯಿರುವ ದಕ್ಷಿಣ ಏಷ್ಯಾದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಜಾಗತಿಕ ಸರಾಸರಿಯನ್ನೇ ಹಿಡಿದರೂ ಆ 18 ಲೀಟರಿನ ಹಿಂದೆ ಸುಮಾರು 45 ಕಿಲೋ ಅನಿಲವಿದೆ. ಅಡುಗೆಮನೆಯ 14.2 ಕಿಲೋ ಸಿಲಿಂಡರ್ ಒಂದನ್ನು ಪೂರ್ತಿ ಉರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚುಕಡಿಮೆ ಇಷ್ಟೇ.

ಈ ಅನಿಲದ ಬಹುಪಾಲು ಹಾಲು ಮನೆಗೆ ಬರುವ ಮೊದಲೇ ಗಾಳಿಗೆ ಸೇರಿರುತ್ತದೆ. ಹಸು, ಎಮ್ಮೆಗಳ ಹೊಟ್ಟೆಯಲ್ಲಿ ಮೇವು ಜೀರ್ಣವಾಗುವಾಗ ಹುಟ್ಟುವ ಮೀಥೇನ್ ತೇಗಿನೊಂದಿಗೆ ಹೊರಬರುತ್ತದೆ. ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದರದೇ, ಉಳಿದದ್ದರಲ್ಲಿ ಸಗಣಿ, ಗೊಬ್ಬರ, ಮೇವು ಬೆಳೆಯುವ ಕೆಲಸಗಳ ಪಾಲು ದೊಡ್ಡದು. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕಹಾಕಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಮರುಬಳಕೆಗೆ ಕೊಡುವ ಅಭ್ಯಾಸ ಒಳ್ಳೆಯದೇ. ಆದರೆ ಹವಾಮಾನದ ದೃಷ್ಟಿಯಿಂದ ಪ್ಯಾಕೆಟ್ಟಿಗಿಂತ ಅದರೊಳಗಿನ ಹಾಲಿನ ತೂಕವೇ ಹೆಚ್ಚು.

ಮೊದಲು ಮಾಡಬೇಕಾದ ಕೆಲಸ ಲೆಕ್ಕವಿಡುವುದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ವಾರ, ಪ್ರತಿದಿನದ ಚೌಕದೊಳಗೆ ಎಷ್ಟು ಹಾಲು ಹೋಯಿತು, ಹೇಗೆ ಹೋಯಿತು ಎಂಬುದನ್ನು ಬರೆಯಬೇಕು: ಉಕ್ಕಿತೇ, ಒಡೆಯಿತೇ, ಮೊಸರಾಗಿ ಹುಳಿಯಿತೇ? ಕೆಲವು ಮನೆಗಳಲ್ಲಿ ತೊಂದರೆ ಒಲೆಯ ಮುಂದಿರುತ್ತದೆ, ಕೆಲವು ಮನೆಗಳಲ್ಲಿ ಅಗತ್ಯಕ್ಕಿಂತ ಅರ್ಧ ಲೀಟರ್ ಹೆಚ್ಚು ತರಿಸುವುದರಲ್ಲಿರುತ್ತದೆ. ಎರಡಕ್ಕೂ ಪರಿಹಾರ ಬೇರೆಬೇರೆ.

ತರಿಸುವುದೇ ಹೆಚ್ಚು ಎಂದು ಕಂಡುಬಂದರೆ, ದಿನನಿತ್ಯದ ಪ್ರಮಾಣವನ್ನು ಕಾಫಿ, ಚಹಾ, ಮೊಸರು ಮತ್ತು ಮಕ್ಕಳ ಹಾಲಿಗೆ ನಿಜವಾಗಿ ಬೇಕಾದಷ್ಟಕ್ಕೆ ಇಳಿಸಬೇಕು. ನೆಂಟರು ಬಂದರೆ ಬೇಕಾಗಬಹುದು ಎಂದು ದಿನವೂ ಹೆಚ್ಚುವರಿ ಪ್ಯಾಕೆಟ್ ತರಿಸುವುದಕ್ಕಿಂತ, ಹೆಚ್ಚು ದಿನ ಬಾಳುವ ಯುಎಚ್‌ಟಿ ಹಾಲಿನ ಪೊಟ್ಟಣವೊಂದನ್ನು ಕಪಾಟಿನಲ್ಲಿಟ್ಟುಕೊಳ್ಳುವುದು ಮೇಲು. ಅದನ್ನು 135 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಜೀವಿಗಳು ಸೇರದಂತೆ ತುಂಬಿರುವುದರಿಂದ, ತೆರೆಯುವವರೆಗೆ ಫ್ರಿಜ್ ಬೇಕಿಲ್ಲ. ತೆರೆದ ಮೇಲೆ ಮಾತ್ರ ಸಾಮಾನ್ಯ ಹಾಲಿನಂತೆಯೇ ಜೋಪಾನ ಮಾಡಬೇಕು. ಊರಿಗೆ ಹೋಗುವಾಗ ಹಾಲಿನವರಿಗೆ ಹಿಂದಿನ ದಿನವೇ ತಿಳಿಸುವುದನ್ನು ಮರೆಯಬಾರದು. ನಾವು ಕೊಳ್ಳದ ಹಾಲು ಡೇರಿಯಲ್ಲಿ ಚರಂಡಿ ಸೇರುವುದಿಲ್ಲ. ಕರ್ನಾಟಕದ ಹಾಲು ಒಕ್ಕೂಟಗಳು ಹೆಚ್ಚುವರಿ ಹಾಲನ್ನು ಪುಡಿ ಮಾಡುತ್ತವೆ; 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಸಿಗುವ ಹಾಲು ಇಂಥ ಪುಡಿಯಿಂದಲೇ ತಯಾರಾಗುತ್ತದೆ.

ಮನೆಗೆ ಬಂದ ಹಾಲನ್ನು ಬೇಗ ತಂಪಿಗೆ ಸೇರಿಸಬೇಕು. ಬೆಳಗಿನ ಜಾವ ಗೇಟಿಗೆ ಸಿಕ್ಕಿಸಿದ ಚೀಲದಲ್ಲಿ ಪ್ಯಾಕೆಟ್ ಏಳೂವರೆಯವರೆಗೆ ತೂಗಾಡಿದರೆ, ಅದರಲ್ಲೂ ಏಪ್ರಿಲ್ ತಿಂಗಳಿನಲ್ಲಿ, ಆ ದಿನ ಹಾಲು ಒಡೆದದ್ದಕ್ಕೆ ಡೇರಿಯನ್ನು ದೂರುವುದು ನ್ಯಾಯವಲ್ಲ. ಫ್ರಿಜ್ಜಿನಲ್ಲಿ ಹಾಲಿಗೆ ಬಾಗಿಲಿನ ತಟ್ಟೆ ತಕ್ಕ ಜಾಗವಲ್ಲ, ಏಕೆಂದರೆ ಪ್ರತಿಸಲ ಬಾಗಿಲು ತೆರೆದಾಗಲೂ ಅಲ್ಲಿ ಬಿಸಿಗಾಳಿ ತಾಗುತ್ತದೆ. ಒಳಗಿನ ತಟ್ಟೆಯಲ್ಲಿ, ಹಿಂಬದಿಗೆ ಇಟ್ಟು, ಉಷ್ಣತೆ 5 ಡಿಗ್ರಿಗಿಂತ ಕೆಳಗಿರುವಂತೆ ನೋಡಿಕೊಳ್ಳಬೇಕು.

ಪಾಶ್ಚರೀಕರಿಸಿದ ಹಾಲನ್ನು ಡೇರಿಯಲ್ಲಿಯೇ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿರುತ್ತಾರೆ. ತಂಪು ಎಲ್ಲಿಯೂ ತಪ್ಪದೆ ಬಂದಿದ್ದರೆ ಅದನ್ನು ಮತ್ತೆ ಕುದಿಸಲೇಬೇಕೆಂದಿಲ್ಲವಾದರೂ, ಪ್ಯಾಕೆಟ್ ದಾರಿಯಲ್ಲಿ ಎಷ್ಟು ಹೊತ್ತು ಬಿಸಿಲಿನಲ್ಲಿತ್ತೆಂದು ತಿಳಿಯದ ನಮ್ಮ ಊರುಗಳಲ್ಲಿ ಒಂದು ಸಲ ಕಾಯಿಸುವುದು ವಿವೇಕವೇ. ದಿನಕ್ಕೆ ನಾಲ್ಕು ಸಲ ಇಡೀ ಪಾತ್ರೆಯನ್ನು ಒಲೆಗೇರಿಸುವುದು ಮಾತ್ರ ಬೇಡ. ಪ್ರತಿಸಲವೂ ಒಂದಿಷ್ಟು ತಳಕ್ಕೆ, ಅಂಚಿಗೆ ಅಂಟುತ್ತದೆ, ಉಕ್ಕುವ ಅಪಾಯವೂ ಮರುಕಳಿಸುತ್ತದೆ. ಬೇಕಾದಷ್ಟನ್ನು ಮಾತ್ರ ಬಗ್ಗಿಸಿಕೊಂಡು ಬಿಸಿಮಾಡಬೇಕು. ಹಾಲು ಹಾಕುವ ಮೊದಲು ಪಾತ್ರೆಗೆ ಒಂದೆರಡು ಚಮಚ ನೀರು ಹಾಕಿದರೆ ತಳ ಹಿಡಿಯುವುದು ಕಡಿಮೆಯಾಗುತ್ತದೆ. ಕಾಯುವಾಗ ಮೇಲೆ ಕೆನೆಕಟ್ಟಿ ಆವಿಗೆ ದಾರಿ ಸಿಗದಿರುವುದರಿಂದ ಹಾಲು ಉಕ್ಕುತ್ತದೆ. ಅಗಲ ಬಾಯಿಯ ಪಾತ್ರೆಯನ್ನು ಅರ್ಧದಷ್ಟೇ ತುಂಬಿ, ಸಣ್ಣ ಉರಿಯಲ್ಲಿಟ್ಟು, ಆಗಾಗ ಸೌಟಾಡಿಸಬೇಕು. ನಿಲ್ಲಲು ಪುರುಸೊತ್ತಿಲ್ಲದವರಿಗೆ ಎರಡು ಪದರಗಳ ನಡುವೆ ನೀರು ತುಂಬಿ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಇದೆ. (ಗೃಹಪ್ರವೇಶದ ದಿನ ಹಾಲುಕ್ಕಿಸುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ, ಅದಕ್ಕೆ ಒಂದು ಲೋಟ ಹಾಲು ಸಾಕು.)

ಒಡೆಯುವುದಕ್ಕೆ ಸಾಮಾನ್ಯ ಕಾರಣ ಹಳೆಯ ಹಾಲಿಗೆ ಹೊಸ ಹಾಲು ಸುರಿಯುವುದು, ಇಲ್ಲವೆ ಸರಿಯಾಗಿ ತೊಳೆಯದ ಪಾತ್ರೆ. ತಂಪಾಗಿದ್ದಾಗ ಸರಿಯಾಗಿಯೇ ಕಾಣುವ, ವಾಸನೆಯೂ ಇಲ್ಲದ ಹಾಲು, ಸ್ವಲ್ಪ ಹುಳಿಯೇರಿದ್ದರೂ ಬಿಸಿ ತಾಗಿದೊಡನೆ ಒಡೆಯುತ್ತದೆ. ಆದ್ದರಿಂದ ಸಂದೇಹವಿದ್ದರೆ ಒಂದು ಸೌಟಿನಲ್ಲಿ ಸ್ವಲ್ಪ ಹಾಲನ್ನು ಕುದಿಸಿ ನೋಡಿ, ಒಡೆಯದಿದ್ದರೆ ಮಾತ್ರ ಉಳಿದ ಹಾಲಿನೊಂದಿಗೆ ಸೇರಿಸಬೇಕು. ಡೇರಿಗಳಲ್ಲಿಯೂ ಹಾಲನ್ನು ಹೀಗೆ ಕುದಿಸಿ ಪರೀಕ್ಷಿಸುವ ಪದ್ಧತಿಯಿದೆ. ಬೆಲ್ಲದ ಪಾಯಸಕ್ಕೆ ಬೆಲ್ಲ ಕರಗಿ, ಉರಿ ಆರಿಸಿ, ತುಸು ತಣಿದ ಮೇಲೆ ಹಾಲು ಹಾಕಬೇಕು.

ಹಾಲು ಉಳಿದೇಬಿಟ್ಟರೆ ಅದು ಕೆಡುವ ಮೊದಲೇ ನಿರ್ಧರಿಸಬೇಕು. ರಾತ್ರಿ ಊಟದ ಹೊತ್ತಿಗೆ, ಮರುದಿನದ ಬೆಳಗಿನ ಕಾಫಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಾಲಿದ್ದರೆ, ಹೆಚ್ಚಿನದಕ್ಕೆ ಹೆಪ್ಪು ಹಾಕಬೇಕು. ಮೊಸರು ಹುಳಿಯಾದರೆ ಮಜ್ಜಿಗೆಹುಳಿ, ತಂಬುಳಿಗಳಿವೆ. ತೀರಾ ಹುಳಿಯಾದರೆ ಬಾಳಕದ ಮೆಣಸಿನಕಾಯಿ ನೆನೆಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಯಿಸುವಾಗ ಒಡೆದ, ಆದರೆ ಕೆಟ್ಟ ವಾಸನೆಯಿಲ್ಲದ ಹಾಲಿಗೆ ಕೆಲವು ಹನಿ ನಿಂಬೆರಸ ಹಿಂಡಿ ಪನೀರ್ ಮಾಡಬಹುದು, ಸೋಸಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಬಹುದು. ಕಹಿಯಾದ, ಲೋಳೆಗಟ್ಟಿದ, ಕೊಳೆತ ವಾಸನೆ ಬರುವ ಹಾಲನ್ನು ಉಳಿಸುವ ಹಟ ಮಾಡಬಾರದು.

ಎಸೆಯಲೇಬೇಕಾದ ಹಾಲನ್ನು ಸಿಂಕಿಗೆ ಸುರಿಯುವುದು ಸುಲಭವಾದರೂ ತಕ್ಕದ್ದಲ್ಲ. ಸೂಕ್ಷ್ಮಜೀವಿಗಳು ಅದನ್ನು ಕೊಳೆಸುವಾಗ ನೀರಿನಿಂದ ಹೀರಿಕೊಳ್ಳುವ ಆಮ್ಲಜನಕದ ಪ್ರಮಾಣ ಲೀಟರಿಗೆ ಒಂದು ಲಕ್ಷ ಮಿಲಿಗ್ರಾಂ ದಾಟುತ್ತದೆ. ಮನೆಯ ಸಾಮಾನ್ಯ ಕೊಳಚೆ ನೀರಿನಲ್ಲಿ ಅದು ಕೆಲವು ನೂರು ಮಿಲಿಗ್ರಾಂ ಅಷ್ಟೆ. ಗಾಳಿಯಾಡದ ಸೆಪ್ಟಿಕ್ ಟ್ಯಾಂಕಿನಲ್ಲಿ ಅದೇ ಹಾಲು ಮತ್ತೊಮ್ಮೆ ಮೀಥೇನ್ ಆಗುತ್ತದೆ. ಕಾಂಪೋಸ್ಟ್ ತೊಟ್ಟಿಯಿರುವವರು ಇದನ್ನು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯೊಂದಿಗೆ, ಒಂದು ಸಲಕ್ಕೆ ಒಂದು ಲೋಟ ಮೀರದಂತೆ ಬೆರೆಸಿ, ನೊಣ ಕೂರದಂತೆ ಮೇಲೆ ಮತ್ತೊಂದು ಪದರ ಒಣ ಎಲೆ ಮುಚ್ಚಬೇಕು.