ಎನ್‌ಬಿಎ ತಂಡದ ಸಂಬಳದ ಪಟ್ಟಿ ಓದುವುದು ಹೇಗೆ?

ನಸುಕಿನಲ್ಲೇ ಎದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ನೋಡುವವರನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಗೆಲ್ಲುವ ತಂಡ ತನ್ನ ಒಳ್ಳೆಯ ಆಟಗಾರರನ್ನೇ ಯಾಕೆ ಬಿಟ್ಟುಕೊಡುತ್ತದೆ? 2024ರಲ್ಲಿ ಚಾಂಪಿಯನ್ ಆದ ಬಾಸ್ಟನ್ ಸೆಲ್ಟಿಕ್ಸ್ ಮರುವರ್ಷವೇ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಬೇರೆ ತಂಡಗಳಿಗೆ ಕಳಿಸಿತು. ಅಂಗಳದಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಇರುವುದು ತಂಡದ ಸಂಬಳದ ಪಟ್ಟಿಯಲ್ಲಿ. ಈ ಪಟ್ಟಿಗಳು ಗುಟ್ಟಿನವಲ್ಲ, ಕ್ರೀಡಾ ಜಾಲತಾಣಗಳಲ್ಲಿ ಸಿಗುತ್ತವೆ. ಒಂದು ನೋಟ್‌ಬುಕ್, ಪೆನ್ಸಿಲ್ ಹಿಡಿದು ಕೂತರೆ ಒಂದು ಗಂಟೆಯ ಕೆಲಸ. ನಾನು ನ್ಯೂಯಾರ್ಕ್ ನಿಕ್ಸ್ ತಂಡದ 2025-26ರ ಪಟ್ಟಿ ಇಟ್ಟುಕೊಂಡು ಹೇಳುತ್ತೇನೆ.

ಹೆಜ್ಜೆ 1: ಮೊದಲು ನಾಲ್ಕು ಗೆರೆ ಎಳೆಯಿರಿ

ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಅಡ್ಡಗೆರೆ ಎಳೆದು, 2025-26ರ ಮೊತ್ತಗಳನ್ನು ಬರೆದುಕೊಳ್ಳಿ. ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, 15.46 ಕೋಟಿ ಡಾಲರ್. ಅದರ ಮೇಲೆ ಲಕ್ಷುರಿ ಟ್ಯಾಕ್ಸ್ ಗೆರೆ, 18.79 ಕೋಟಿ. ಅದರ ಮೇಲೆ ಏಪ್ರನ್ ಎಂಬ ಎರಡು ಗೆರೆ, ದಾಟಿದರೆ ನಿರ್ಬಂಧಗಳು ಬೀಳುತ್ತವೆ. ಮೊದಲ ಏಪ್ರನ್ 19.59 ಕೋಟಿ. ಎರಡನೇ ಏಪ್ರನ್ 20.78 ಕೋಟಿ.

ಐಪಿಎಲ್ ಹರಾಜು ನೋಡಿದವರಿಗೆ ಇಲ್ಲಿ ಗೊಂದಲವಾಗುವುದು ಸಹಜ. 2025ರ ಹರಾಜಿನಲ್ಲಿ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ. ಅದಕ್ಕಿಂತ ಒಂದು ಪೈಸೆ ಹೆಚ್ಚು ಖರ್ಚು ಮಾಡುವ ಹಾಗಿರಲಿಲ್ಲ. ಎನ್‌ಬಿಎ ಕ್ಯಾಪ್ ಹಾಗಲ್ಲ, ಅದನ್ನು ದಾಟಲು ದಾರಿಗಳಿವೆ. ಮುಖ್ಯವಾದ ದಾರಿಗೆ ಬಾಸ್ಟನ್‌ನ ಹಳೆಯ ತಾರೆ ಲ್ಯಾರಿ ಬರ್ಡ್ ಅವರ ಹೆಸರೇ ಅಂಟಿಕೊಂಡಿದೆ. ಮೂರು ಸೀಸನ್ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಬೇರೆ ತಂಡಕ್ಕೆ ಹೋಗಬಲ್ಲವನು) ಆಗಿ ತಂಡ ಬದಲಿಸದೆ ಉಳಿದ ಆಟಗಾರನಿಗೆ, ಕ್ಯಾಪ್ ಮೀರಿದರೂ ಅವನ ತಂಡ ಹೊಸ ಒಪ್ಪಂದ ಕೊಡಬಹುದು. ಇದು ಎಷ್ಟು ದೂರ ಹೋಗಿತ್ತೆಂದರೆ, 1997-98ರಲ್ಲಿ ಇಡೀ ತಂಡದ ಕ್ಯಾಪ್ 2.69 ಕೋಟಿ ಡಾಲರ್ ಇದ್ದಾಗ ಮೈಕಲ್ ಜೋರ್ಡನ್ ಒಬ್ಬರ ಸಂಬಳವೇ 3.31 ಕೋಟಿ. ಮಾಲೀಕರು ಮರುವರ್ಷ ಲಾಕ್‌ಔಟ್ ಘೋಷಿಸಿ ಲೀಗ್‌ಗೆ ಬೀಗ ಹಾಕಿದರು. 82 ಪಂದ್ಯಗಳ ಸೀಸನ್ 50ಕ್ಕೆ ಇಳಿಯಿತು, ಒಬ್ಬ ಆಟಗಾರನ ಸಂಬಳಕ್ಕೂ ಮಿತಿ ಬಂತು.

ಲಕ್ಷುರಿ ಟ್ಯಾಕ್ಸ್ ಗೆರೆ ದಾಟಿದರೆ ಮಾಲೀಕರ ಜೇಬಿಗೆ ಕತ್ತರಿ, ಅಷ್ಟೇ. ದುಡ್ಡಿದ್ದವರು ಕಟ್ಟಿ ಮುಂದೆ ಹೋಗುತ್ತಿದ್ದರು. ಅದನ್ನು ತಡೆಯಲೆಂದೇ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದಲ್ಲಿ ಎರಡನೇ ಏಪ್ರನ್ ಬಂತು. ಇದನ್ನು ದಾಟಿದ ತಂಡಕ್ಕೆ ಬೀಳುವ ಪೆಟ್ಟು ಹಣದ್ದಲ್ಲ, ಕೈಕಟ್ಟಿ ಹಾಕಿದ ಹಾಗೆ. ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ವಿನಿಮಯದಲ್ಲಿ, ತರುವಂತಿಲ್ಲ. ಏಳು ವರ್ಷ ಆಚೆಯ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಮಾರುವಂತಿಲ್ಲ. ಬಾಸ್ಟನ್ ಇಬ್ಬರನ್ನು ಕಳಿಸಿದ್ದು ಈ ಗೆರೆಯ ಕೆಳಗೆ ಇಳಿಯುವುದಕ್ಕೆ.

ಹೆಜ್ಜೆ 2: ಹೆಸರು, ಮೊತ್ತ, ಶೇಕಡಾ

ಈಗ ಆಟಗಾರರ ಹೆಸರುಗಳನ್ನು ಸಂಬಳದ ಇಳಿಕೆ ಕ್ರಮದಲ್ಲಿ ಬರೆಯಿರಿ. ಪಕ್ಕದಲ್ಲಿ ಡಾಲರ್ ಮೊತ್ತದ ಜೊತೆ ಕ್ಯಾಪ್‌ನ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ. ಕ್ಯಾಪ್ ವರ್ಷ ವರ್ಷವೂ ಬದಲಾಗುವುದರಿಂದ ಬರೀ ಡಾಲರ್ ನೋಡಿದರೆ ಮೋಸ ಹೋಗುತ್ತೇವೆ. ನಿಯಮಗಳೂ ಶೇಕಡಾ ಲೆಕ್ಕದಲ್ಲೇ ಇವೆ: ಆರು ವರ್ಷದವರೆಗೆ ಆಡಿದವರ ಹೊಸ ಒಪ್ಪಂದ ಸಾಮಾನ್ಯವಾಗಿ ಕ್ಯಾಪ್‌ನ ಶೇ 25ರಿಂದ ಶುರುವಾಗಬಹುದು, ಏಳರಿಂದ ಒಂಬತ್ತು ವರ್ಷದವರದು ಶೇ 30, ಹತ್ತು ದಾಟಿದವರದು ಶೇ 35.

ನಿಕ್ಸ್ ಪಟ್ಟಿ: ಕಾರ್ಲ್-ಆಂಥನಿ ಟೌನ್ಸ್ 5.31 ಕೋಟಿ, ಅಂದರೆ ಶೇ 34. ಓಜಿ ಅನುನೋಬಿ 3.96 ಕೋಟಿ. ಜೇಲನ್ ಬ್ರನ್ಸನ್ 3.49 ಕೋಟಿ. ಮಿಕಾಲ್ ಬ್ರಿಡ್ಜಸ್ 2.49 ಕೋಟಿ, ಜೋಶ್ ಹಾರ್ಟ್ 1.95 ಕೋಟಿ. ಕೂಡಿಸಿದರೆ ಐದೇ ಜನಕ್ಕೆ 17.2 ಕೋಟಿ! ಕ್ಯಾಪ್ ಆಗಲೇ ಮುಳುಗಿಹೋಯಿತು. ಎರಡನೇ ಏಪ್ರನ್‌ವರೆಗೆ ಉಳಿದಿರುವುದು 3.58 ಕೋಟಿ, ಅದರಲ್ಲೇ ಬೆಂಚಿನವರೆಲ್ಲರ ಸಂಬಳ ಮುಗಿಯಬೇಕು.

ಹೆಜ್ಜೆ 3: ಗ್ಯಾರಂಟಿ ಯಾವುದು, ಯಾವುದಲ್ಲ

ಪೆನ್ಸಿಲ್ ಬಿಟ್ಟು ಪೆನ್ ತೆಗೆದುಕೊಳ್ಳಿ. ಪೂರ್ತಿ ಗ್ಯಾರಂಟಿ ಇರುವ ವರ್ಷಗಳ ಕೆಳಗೆ ಗಟ್ಟಿ ಗೆರೆ ಹಾಕಿ. ಗ್ಯಾರಂಟಿ ಅಂದರೆ ಗಾಯವಾಗಲಿ, ಆಟ ಕುಸಿಯಲಿ, ತಂಡವೇ ಹೊರಗೆ ಕಳಿಸಲಿ, ಬರೆದುಕೊಟ್ಟ ಹಣ ಬಂದೇ ಬರುತ್ತದೆ. ಎನ್‌ಬಿಎಯಲ್ಲಿ ಹೆಚ್ಚಿನ ಒಪ್ಪಂದಗಳು ಇಂಥವೇ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಗದದ ಮೇಲೆ ಕಾಣುವ ದೊಡ್ಡ ಮೊತ್ತದಲ್ಲಿ ಸಾಕಷ್ಟು ಪಾಲು ಹೀಗೆ ಖಾತ್ರಿಯಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರರ ಸಂಘ ಗಳಿಸಿಕೊಂಡ ಅತಿ ದೊಡ್ಡ ಹಕ್ಕು ಇದೇ ಎಂದು ನನ್ನ ಭಾವನೆ. ಮೂವತ್ತೈದಕ್ಕೆ ಮುಗಿಯುವ ವೃತ್ತಿ ಅದು. ಒಂದು ಕೆಟ್ಟ ಜಿಗಿತಕ್ಕೆ ಎಲ್ಲವೂ ನಿಂತುಹೋಗಬಹುದು.

ಡೇಮಿಯನ್ ಲಿಲ್ಲಾರ್ಡ್ ಅವರಿಗೆ ಆದದ್ದು ಹೀಗೆಯೇ. 2025ರ ಏಪ್ರಿಲ್‌ನಲ್ಲಿ, ಪ್ಲೇಆಫ್ ಪಂದ್ಯದ ನಡುವೆ ಅವರ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮಿಲ್‌ವಾಕಿ ಬಕ್ಸ್ ಜೊತೆ ಇನ್ನೂ ಎರಡು ವರ್ಷ, ಸುಮಾರು 11.3 ಕೋಟಿ ಡಾಲರ್ ಬಾಕಿ. ಜುಲೈನಲ್ಲಿ ತಂಡ ಅವರನ್ನು ಬಿಡುಗಡೆ ಮಾಡಿತು. ಹಣ ಮಾತ್ರ ಬಿಡುವಂತಿರಲಿಲ್ಲ. ಆಗ ಬಳಸಿದ್ದು ಸ್ಟ್ರೆಚ್ ನಿಯಮ. ಬಾಕಿ ವರ್ಷಗಳನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಎಷ್ಟು ಬರುತ್ತದೋ ಅಷ್ಟು ವರ್ಷಕ್ಕೆ ಮೊತ್ತವನ್ನು ಹಂಚಬಹುದು. ಎರಡೆರಡಲಿ ನಾಲ್ಕು, ಮತ್ತೊಂದು ಐದು. ಹೀಗೆ ವರ್ಷಕ್ಕೆ ಸುಮಾರು 2.25 ಕೋಟಿಯಂತೆ 2029-30ರವರೆಗೂ ಬಕ್ಸ್ ಪಟ್ಟಿಯಲ್ಲಿ ಲಿಲ್ಲಾರ್ಡ್ ಹೆಸರು ಇರುತ್ತದೆ. ಹೀಗೆ 2025ರಲ್ಲಿ ಸಿಕ್ಕ ಜಾಗದಲ್ಲಿ ಮೈಲ್ಸ್ ಟರ್ನರ್ ಬಂದರು. ಲಿಲ್ಲಾರ್ಡ್ ತಮ್ಮ ಹಳೆಯ ಪೋರ್ಟ್‌ಲ್ಯಾಂಡ್‌ಗೆ ಮರಳಿದರು.

ಯಾವುದೇ ತಂಡದ ಪಟ್ಟಿಯಲ್ಲಿ ಹೀಗೆ ಅಲ್ಲಿ ಆಡದವರ ಹೆಸರಿದ್ದರೆ ಅದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ತಂಡದ ಕೈ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಟ್ಟನೆ ಕಾಣುತ್ತದೆ. ಪಟ್ಟಿಯ ಕೆಳತುದಿಯಲ್ಲಿ ಗ್ಯಾರಂಟಿ ಇಲ್ಲದ ಒಂದಿಬ್ಬರು ಇರುವುದುಂಟು. ಜನವರಿ 10ರಂದು ತಂಡದಲ್ಲಿ ಉಳಿದಿದ್ದರೆ ಅವರ ಆ ಸೀಸನ್ನಿನ ಸಂಬಳ ಖಾತ್ರಿಯಾಗುತ್ತದೆ.

ಹೆಜ್ಜೆ 4: ನಾಯಕನ ಸಾಲಿಗೆ ಬನ್ನಿ

ನಿಕ್ಸ್ ನಾಯಕ ಬ್ರನ್ಸನ್. ಪಟ್ಟಿಯಲ್ಲಿ ಅವರದು ಮೂರನೇ ಹೆಸರು ಎಂಬುದನ್ನು ಗಮನಿಸಿದಿರಾ? 2018ರ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ 33ನೇ ಆಯ್ಕೆಯಾಗಿ ಬಂದವರು ಅವರು. 2024ರ ಬೇಸಿಗೆಯಲ್ಲಿ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು ವರ್ಷ ಕಾದರೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಡಾಲರ್. ಕೂಡಲೇ ಸಹಿ ಹಾಕಿದರೆ ನಾಲ್ಕು ವರ್ಷಕ್ಕೆ 15.65 ಕೋಟಿ. ಜುಲೈನಲ್ಲಿ ಅವರು ಚಿಕ್ಕ ಮೊತ್ತಕ್ಕೇ ಸಹಿ ಹಾಕಿದರು. ಆಗಸ್ಟ್‌ನಲ್ಲಿ ತಂಡ ಅವರನ್ನು ನಾಯಕನೆಂದು ಘೋಷಿಸಿತು.

ಪತ್ರಿಕೆಗಳೆಲ್ಲ 11.3 ಕೋಟಿ ತ್ಯಾಗ ಎಂದು ಬರೆದವು. ಲೆಕ್ಕ ಅಷ್ಟು ಸರಳವಲ್ಲ. ಒಂದು ಕಡೆ ಐದು ವರ್ಷ, ಇನ್ನೊಂದು ಕಡೆ ನಾಲ್ಕು; ಐದನೇ ವರ್ಷ ಅವರು ಸುಮ್ಮನೆ ಕೂರುವುದಿಲ್ಲ. ಕೊನೆಯ ವರ್ಷ ಅವರದೇ ಆಯ್ಕೆಯಾದ್ದರಿಂದ 2028ರಲ್ಲಿ ಹೊರಬರಬಹುದು. ಆಗ ಹತ್ತು ಸೀಸನ್ ಮುಗಿದಿರುತ್ತವೆ, ಶೇ 35ರ ಬಾಗಿಲು ತೆರೆದಿರುತ್ತದೆ. ಆದರೆ ಅದು ಗ್ಯಾರಂಟಿ ಅಲ್ಲ. ಲಿಲ್ಲಾರ್ಡ್ ಅವರ ಹಿಮ್ಮಡಿ ನೆನಪಿಸಿಕೊಳ್ಳಿ. ಬ್ರನ್ಸನ್ ಆ ಅಪಾಯವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ತಂಡಕ್ಕೆ ಸಿಕ್ಕಿದ್ದೇನು? 2025-26ಕ್ಕೆ ಶೇ 30ರ ಪ್ರಕಾರ ಅವರು 4.64 ಕೋಟಿ ಕೇಳಬಹುದಿತ್ತು. ಪಡೆದದ್ದು 3.49. ಉಳಿದ 1.15 ಕೋಟಿಯನ್ನು ಹೆಜ್ಜೆ 2ರ 17.2 ಕೋಟಿಗೆ ಮತ್ತೆ ಸೇರಿಸಿ ನೋಡಿ: ಬೆಂಚಿಗೆ ಉಳಿಯುವುದು 2.43 ಕೋಟಿ. ಈ ಐವರ ಜೊತೆ ಒಂದು ಬೆಂಚು ಕಟ್ಟಿ ಎರಡನೇ ಏಪ್ರನ್ ಕೆಳಗೆ ನಿಲ್ಲುವುದು ಆಗ ತೀರ ಕಷ್ಟ. 2025ರಲ್ಲಿ ಈ ತಂಡ 25 ವರ್ಷಗಳ ನಂತರ ಮೊದಲ ಸಲ ಕಾನ್ಫರೆನ್ಸ್ ಫೈನಲ್‌ಗೆ, ಅಂದರೆ ಲೀಗ್‌ನ ಕೊನೆಯ ನಾಲ್ಕು ತಂಡಗಳ ಸುತ್ತಿಗೆ, ಹೋಯಿತು.

ಹಾಗೆಂದು ಪ್ರತಿ ನಾಯಕನೂ ಸಂಬಳ ಬಿಡಬೇಕು ಎಂದು ಅಭಿಮಾನಿಗಳು ಕೂಗುವುದು ನ್ಯಾಯವಲ್ಲ. ಬಿಟ್ಟ ಹಣದ ಲಾಭ ಮಾಲೀಕರಿಗೂ ಹೋಗುತ್ತದೆ, ಅವರಿಗೆ ತ್ಯಾಗ ಮಾಡಿ ಎಂದು ಯಾರೂ ಹೇಳುವುದಿಲ್ಲ.

ಹೆಜ್ಜೆ 5: ಪಟ್ಟಿಯ ಬುಡ ನೋಡಲು ಮರೆಯಬೇಡಿ

ಕನಿಷ್ಠ ಸಂಬಳದ ಸಾಲುಗಳಲ್ಲಿ ವಯಸ್ಸಾದ ಹೆಸರೊಂದು ಕಂಡರೆ ನಿಂತು ನೋಡಿ. ಮಯಾಮಿ ಹೀಟ್‌ನ ಉಡೋನಿಸ್ ಹ್ಯಾಸ್ಲೆಮ್ ಅದೇ ಊರಿನಲ್ಲಿ ಹುಟ್ಟಿ, ಅದೇ ತಂಡಕ್ಕೆ 20 ಸೀಸನ್ ಇದ್ದು 2023ರಲ್ಲಿ ನಿವೃತ್ತರಾದರು. 2010ರಲ್ಲಿ ಬೇರೆ ತಂಡಗಳು ಹೆಚ್ಚು ಕೊಡುತ್ತೇವೆಂದರೂ ಕಡಿಮೆ ಹಣಕ್ಕೆ ಉಳಿದವರು ಅವರು. ಡ್ವೇನ್ ವೇಡ್, ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಷ್ ಒಂದಾದ ಬೇಸಿಗೆ ಅದು. 2020-21ರಲ್ಲಿ ಹ್ಯಾಸ್ಲೆಮ್ ಅಂಗಳಕ್ಕೆ ಇಳಿದದ್ದು ಒಂದೇ ಪಂದ್ಯಕ್ಕೆ, ಸುಮಾರು ಮೂರು ನಿಮಿಷ. ಅಷ್ಟರಲ್ಲೇ ಎದುರಾಳಿಯೊಡನೆ ಜಟಾಪಟಿಯಾಗಿ ರೆಫರಿಗಳು ಹೊರಗೆ ಕಳಿಸಿದರು. ಮುಂದಿನ ಸೀಸನ್‌ಗೂ ತಂಡ ಅವರನ್ನು ಇಟ್ಟುಕೊಂಡಿತು, ಬೆಂಚಿನಲ್ಲಿ ಕೂತು ಎಳೆಯರನ್ನು ತಿದ್ದಲು.

ಇದಕ್ಕೂ ಒಂದು ನಿಯಮದ ಆಸರೆ ಇದೆ. ಹಳಬರ ಕನಿಷ್ಠ ಸಂಬಳ ಹೊಸಬರದಕ್ಕಿಂತ ಹೆಚ್ಚು. ಆದರೆ ಒಂದು ವರ್ಷದ ಕನಿಷ್ಠ ಒಪ್ಪಂದವಾದರೆ ತಂಡದ ಲೆಕ್ಕಕ್ಕೆ ಬರುವುದು ಎರಡು ವರ್ಷ ಆಡಿದವನ ಕನಿಷ್ಠ ಮೊತ್ತವಷ್ಟೇ, ಮೇಲಿನದನ್ನು ಲೀಗ್ ಭರಿಸುತ್ತದೆ. ದುಬಾರಿ ಎಂಬ ಕಾರಣಕ್ಕೆ ಹಿರಿಯರು ಮನೆಗೆ ಹೋಗದಿರಲಿ ಎಂದು ಮಾಡಿಕೊಂಡ ಏರ್ಪಾಡು ಇದು.

ಟ್ರೇಡ್ ಗಡುವು ಬರುವುದು ಫೆಬ್ರವರಿಯಲ್ಲಿ. ಗ್ಯಾರಂಟಿಯ ಗೆರೆಗಳು ಪೆನ್ನಿನಲ್ಲಿರಲಿ, ಹೆಸರುಗಳು ಪೆನ್ಸಿಲ್‌ನಲ್ಲಿರಲಿ. ಆ ವಾರ ರಬ್ಬರ್ ಬೇಕಾಗುತ್ತದೆ.