ಪೋರ್ಟ್ ಅಂದರೆ ಹೊರುವುದು

ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದನ್ನು ಬಿಟ್ಟಿದ್ದೇನೆ. ವಾರಕ್ಕೆ ಒಂದು ಲ್ಯಾಟಿನ್ ಬೇರು, ಅಂದರೆ ಹಲವು ಇಂಗ್ಲಿಷ್ ಪದಗಳು ಹುಟ್ಟಿದ ಮೂಲ ಪದ, ಅಷ್ಟೇ. ಜಾಸ್ತಿ ಬೇಡ.

ಮೊದಲು ಕನ್ನಡದಿಂದಲೇ ಶುರು ಮಾಡಿ. ಬೋರ್ಡಿನ ಮೇಲೆ ‘ಹಾರ’ ಎಂದು ಬರೆದು, ಅದರ ಹಿಂದೆ ಆ, ವಿ, ಸಂ, ಪರಿ ಸೇರಿಸಲು ಹೇಳಿ. ಆಹಾರ, ವಿಹಾರ, ಸಂಹಾರ ಬೇಗ ಬರುತ್ತವೆ. ‘ಪರಿಹಾರ’ವಂತೂ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆನೆ ತುಳಿದ ಗದ್ದೆಗೆ ಅರ್ಜಿ ಹಾಕುವುದು ಅದಕ್ಕೇ ಅಲ್ವಾ? ಇವೆಲ್ಲದರ ಬೇರು ಸಂಸ್ಕೃತದ ‘ಹೃ’, ಅಂದರೆ ಒಯ್ಯುವುದು. ಬೇರು ಒಂದೇ, ಹಿಂದಿನ ತುಂಡು ಬದಲಾದರೆ ಅರ್ಥವೇ ಬೇರೆ.

ಆಮೇಲೆ ‘ಪೋರ್ಟ್’. ಲ್ಯಾಟಿನ್‌ನ ‘ಪೋರ್ತಾರೆ’ ಅಂದರೂ ಹೊರುವುದು, ಒಯ್ಯುವುದು. ನಾನು ಒಬ್ಬ ಹುಡುಗನ ಹೆಗಲಿಗೆ ಕಾಫಿ ಚೀಲ ಏರಿಸುತ್ತೇನೆ. ಒಳಗೆ ಬರೀ ಹಳೇ ಪೇಪರ್. ಬಾಗಿಲು ದಾಟಿ ಹೊರಗೆ ಹೋದರೆ ಎಕ್ಸ್‌ಪೋರ್ಟ್. ವಾಪಸ್ ಒಳಗೆ ತಂದರೆ ಇಂಪೋರ್ಟ್. ಈ ಗೋಡೆಯಿಂದ ಆ ಗೋಡೆಗೆ ಸಾಗಿಸಿದರೆ ಟ್ರಾನ್ಸ್‌ಪೋರ್ಟ್. ‘ಸಬ್’ ಅಂದರೆ ಕೆಳಗೆ, ಹಾಗಾಗಿ ಇನ್ನೊಬ್ಬಳು ಚೀಲದ ಅಡಿಗೆ ಕೈಯೊಡ್ಡಿದರೆ ಸಪೋರ್ಟ್. ಹೋಗಿ ನೋಡಿ ಸುದ್ದಿ ಹೊತ್ತು ತಂದರೆ ರಿಪೋರ್ಟ್. ಹತ್ತು ನಿಮಿಷ ಸಾಕು.

ಹೋದ ವರ್ಷ ಹಾಕಿ ಆಡುವ ಹುಡುಗಿಯೊಬ್ಬಳು, ‘ಮಿಸ್, ಸ್ಪೋರ್ಟ್ ಕೂಡ ಇದೇ ಗುಂಪಾ?’ ಎಂದಳು. ಅಲ್ಲ ಎಂದುಬಿಟ್ಟೆ. ಸಂಜೆ ನಿಘಂಟು ತೆಗೆದರೆ ಅವಳದೇ ಸರಿ! ಅದು ‘ಡಿಸ್‌ಪೋರ್ಟ್’ ಎಂಬ ಪದದ ಮೊಟಕು ರೂಪ, ಫ್ರೆಂಚ್ ಮೂಲಕ ಬಂದದ್ದು. ಮನಸ್ಸನ್ನು ಕೆಲಸದಿಂದ ಆಚೆ ಒಯ್ಯುವುದು. ಮರುದಿನ ಅವಳ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದೆ. ಆದರೆ ‘ಪೋರ್ಷನ್ ಮುಗೀತಾ’ ಅಂತೀವಲ್ಲ, ಆ ಪೋರ್ಷನ್ ಈ ಗುಂಪಿನದಲ್ಲ. ಅದರ ಬೇರು ‘ಪೋರ್ತಿಯೊ’, ಅಂದರೆ ಪಾಲು. ನೋಡಲು ಒಂದೇ ಥರ ಇದೆ ಎಂದು ಸುಮ್ನೆ ನಂಬಬೇಡಿ. ಪದದ ಮೂಲ ಕೊಡುವ ನಿಘಂಟು ತರಗತಿಯಲ್ಲೇ ಇರಲಿ, ಮಕ್ಕಳೇ ಹುಡುಕಲಿ.

ಶನಿವಾರ ಯಾರೂ ಕೇಳಿರದ ಒಂದು ಪದ ಕೊಡಿ. ನಾನು ‘ಡಿಪೋರ್ಟ್’ ಕೊಟ್ಟೆ. ‘ಡಿ’ ಅಂದರೆ ದೂರ ಎಂದಷ್ಟೇ ಹೇಳಿದೆ. ತೋಟದ ಲೈನ್ ಮನೆಯಿಂದ ಬರುವ ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: ‘ಪುಂಡಾನೆ ಹಿಡಿದು ಲಾರಿ ಹತ್ತಿಸಿ ಬೇರೆ ಕಾಡಿಗೆ ಬಿಡ್ತಾರಲ್ಲ ಮಿಸ್, ಹಾಗೆ.’ ಮನುಷ್ಯರನ್ನು ದೇಶದಿಂದ ಆಚೆ ಕಳಿಸುವುದಕ್ಕೆ ಹೀಗೆ ಹೇಳುತ್ತಾರೆ ಎಂದು ನಾನು ಸೇರಿಸಿದೆ.